ಹಳೇ ಮನೆಯ ಟೈಲ್ಸ್ ಒಲೆಗೆ ಬೆಂಕಿ ಹಚ್ಚುವ ಮೊದಲು ಏನೇನು ನೋಡಬೇಕು?

ಉಪ್ಸಾಲ ಶಿರಸಿ · ಅಕ್ಟೋಬರ್ 18

ಎಲ್ಲರಿಗೂ ನಮಸ್ಕಾರ. ನಾವು ಸ್ವೀಡನ್‌ನ ಉಪ್ಸಾಲದಲ್ಲಿದ್ದೇವೆ. ಆಗಸ್ಟ್‌ನಲ್ಲಿ ಇಲ್ಲೊಂದು ಹಳೇ ಅಪಾರ್ಟ್‌ಮೆಂಟ್ ಕೊಂಡೆವು. ಕಟ್ಟಡ 1907ರದ್ದು. ಹಾಲ್‌ನಲ್ಲಿ ಒಂದು, ಮಲಗುವ ಕೋಣೆಯಲ್ಲಿ ಒಂದು, ಹೀಗೆ ಎರಡು ಕಾಕೆಲುಂಗ್ನ್ ಇವೆ. ನೋಡದವರಿಗಾಗಿ ಹೇಳುತ್ತೇನೆ. ಇದು ನೆಲದಿಂದ ಹೆಚ್ಚುಕಮ್ಮಿ ಸೂರಿನ ತನಕ ನಿಂತಿರುವ ಸೌದೆ ಒಲೆ. ಒಳಗೆಲ್ಲ ಇಟ್ಟಿಗೆ ಮತ್ತು ಜೇಡಿಮಣ್ಣು, ಹೊರಗೆ ಮೆರುಗಿನ ಟೈಲ್ಸ್. ಮುಂದೆ ಸಣ್ಣ ಹಿತ್ತಾಳೆ ಬಾಗಿಲು. ನಮ್ಮದು ತಿಳಿ ಹಸಿರು ಬಣ್ಣದ್ದು, ತುಂಬಾ ಚಂದ ಇದೆ.

ನಾನು ಶಿರಸಿ ಕಡೆಯವಳು. ಬಚ್ಚಲ ಒಲೆಗೆ ಬೆಂಕಿ ಹಾಕುತ್ತಾ ಬೆಳೆದವಳು. ಹಾಗಾಗಿ ಇದೂ ಬರುತ್ತದೆ ಅಂದುಕೊಂಡೆ. ಮನೆ ಮಾರಿದವರು "ಒಲೆ ಕೆಲಸ ಮಾಡುತ್ತದೆ" ಎಂದಷ್ಟೇ ಹೇಳಿದ್ದರು. ಕಳೆದ ಶನಿವಾರ ಹೊರಗೆ 3 ಡಿಗ್ರಿ ಇತ್ತು. ಪೆಟ್ರೋಲ್ ಬಂಕ್‌ನಲ್ಲಿ ಒಂದು ಚೀಲ ಸೌದೆ ತಂದು ಹಾಲ್‌ನ ಒಲೆಗೆ ಹಚ್ಚಿದೆ. ಐದೇ ನಿಮಿಷದಲ್ಲಿ ಹೊಗೆ ಎಲ್ಲ ಹಾಲ್‌ಗೆ ವಾಪಸ್ ಬಂತು. ಅಲಾರಂ ಕೂಗಿತು. ಕಿಟಕಿ ತೆಗೆದು ಹೇಗೋ ಆರಿಸಿದೆವು. ಆದರೆ ರಾತ್ರಿವರೆಗೂ ನನಗೂ ಮಗಳಿಗೂ ತಲೆನೋವು ಹೋಗಲಿಲ್ಲ.

ಅವತ್ತಿನಿಂದ ಹೆದರಿಕೆಯಾಗಿದೆ. ಡಿಸೆಂಬರ್ ಬಂದರೆ ಇಲ್ಲಿ ಮೂರು ಗಂಟೆಯೊಳಗೇ ಕತ್ತಲಾಗುತ್ತದೆ, ಚಳಿಯೂ ಜೋರು. ಒಲೆ ಉಪಯೋಗಿಸಬೇಕು ಅಂತ ತುಂಬಾ ಆಸೆ ಇದೆ. ಯಾರಾದರೂ ಉಪಯೋಗಿಸಿದವರಿದ್ದರೆ ದಯವಿಟ್ಟು ಹೇಳಿ.

ಗೋಥೆನ್‌ಬರ್ಗ್ ಹಳಬ · ಅಕ್ಟೋಬರ್ 18

ಅಕ್ಕಾ, ಮೊದಲನೇ ಮಾತು. ಇನ್ನೊಂದು ಕಡ್ಡಿ ಗೀರಬೇಡಿ. ಎರಡೂ ಒಲೆಗೆ. ಬೇರೆಲ್ಲ ಆಮೇಲೆ.

ನಾನು ಇಲ್ಲಿಗೆ ಬಂದು 22 ವರ್ಷ ಆಯಿತು. ಎರಡು ಮನೆಯಲ್ಲಿ ಕಾಕೆಲುಂಗ್ನ್ ಉರಿಸಿದ್ದೇನೆ. ಹಳೇ ಅಪಾರ್ಟ್‌ಮೆಂಟ್‌ಗಳ ಕಥೆ ಏನು ಗೊತ್ತಾ? ಬಿಸಿನೀರಿನ ರೇಡಿಯೇಟರ್ ಬಂದ ಮೇಲೆ ಈ ಒಲೆಗಳಿಗೆ ಕೆಲಸ ಇಲ್ಲದೆ ಹೋಯಿತು. ಚಂದ ಇದೆ ಅಂತ ಒಲೆ ಉಳಿಸಿಕೊಂಡರು. ಅದರ ಹೊಗೆಗೂಡನ್ನು ಮಾತ್ರ ಬೇರೆ ಕೆಲಸಕ್ಕೆ ತೆಗೆದುಕೊಂಡರು. ಕೆಲವು ಕಟ್ಟಡಗಳಲ್ಲಿ ಅಡುಗೆಮನೆಯ ಗಾಳಿ ಹೊರಗೆ ಹಾಕಲು ಅದೇ ಕೊಳವೆ. ಕೆಲವು ಕಡೆ ಮೇಲಿಂದ ಮುಚ್ಚಿಬಿಟ್ಟಿದ್ದಾರೆ. ಒಲೆಯನ್ನು ಎದುರಿನಿಂದ ನೋಡಿದರೆ ಇದೊಂದೂ ಗೊತ್ತಾಗುವುದಿಲ್ಲ. ನಿಮ್ಮ ಮನೆಯಲ್ಲಿ ಹಚ್ಚಿದ ಹೊಗೆ ಮೇಲಿನ ಮನೆಯವರ ಮಲಗುವ ಕೋಣೆಗೂ ಹೋಗಬಹುದು.

ಸೋಮವಾರವೇ ಸೂತಾರೆಗೆ ಫೋನ್ ಮಾಡಿ. ಚಿಮಣಿ ಗುಡಿಸುವವರನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಸುಮ್ನೆ ಮಸಿ ತೆಗೆಯುವ ಕೆಲಸ ಮಾತ್ರ ಅವರದ್ದಲ್ಲ. ಬೆಂಕಿ ಸುರಕ್ಷತೆಯ ತಪಾಸಣೆ ಇಲ್ಲಿ ನಗರಸಭೆಯ ಜವಾಬ್ದಾರಿ, ಅದನ್ನು ಮಾಡುವುದು ಇದಕ್ಕೆಂದೇ ಕಲಿತವರು. ಅವರು ಬೇಡ ಅಂದರೆ ಆ ಒಲೆ ಉರಿಸುವ ಹಾಗಿಲ್ಲ. ಕ್ಯಾಮೆರಾ ಇಳಿಸಿ ನೋಡಿ, ಹೊಗೆ ಹಾಕಿ ಸೋರಿಕೆ ಪರೀಕ್ಷೆ ಮಾಡಿ ಅಂತ ನೀವಾಗಿ ಕೇಳಿ. ಜೊತೆಗೆ ನಿಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೂ ಪತ್ರ ಬರೆಯಿರಿ. ಹೊಗೆಗೂಡು ಇಡೀ ಕಟ್ಟಡದ್ದು, ನಿಮ್ಮ ಒಬ್ಬರದ್ದಲ್ಲ.

ನರ್ಸ್ ದಾವಣಗೆರೆ · ಅಕ್ಟೋಬರ್ 18

ತಲೆನೋವು ಅಂದಿರಲ್ಲ, ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಬರೀ ಹೊಗೆಯಿಂದಲೂ ತಲೆನೋವು ಬರುತ್ತದೆ. ಆದರೆ ಕಾರ್ಬನ್ ಮಾನಾಕ್ಸೈಡ್‌ನ ಮೊದಲ ಲಕ್ಷಣವೂ ಅದೇ. ಈ ಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣೂ ಉರಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು ಬರುತ್ತದೆ. ಜ್ವರ ಬರುವ ಹಾಗಿದೆ ಅಂತ ಜನ ಹೊದ್ದು ಮಲಗಿಬಿಡುತ್ತಾರೆ. ಮಲಗಿದವರು ಏಳುವುದಿಲ್ಲ.

ಮನೆಯಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಒಟ್ಟಿಗೇ ಹಾಗಾದರೆ, ಹೊರಗೆ ಹೋದಾಗ ಕಡಿಮೆ ಅನ್ನಿಸಿದರೆ, ಯೋಚನೆ ಮಾಡುತ್ತಾ ಕೂರಬೇಡಿ. ಎಲ್ಲರೂ ಹೊರಗೆ ಬಂದು 112ಕ್ಕೆ ಫೋನ್ ಮಾಡಿ. ನಮ್ಮೂರಲ್ಲಿ ಗ್ಯಾಸ್ ಗೀಸರ್ ಇಟ್ಟ ಬಚ್ಚಲಲ್ಲಿ, ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಜನ ಸಾಯುವುದು ಇದೇ ಗಾಳಿಯಿಂದ. ಹೊಗೆಯ ಅಲಾರಂ ಇದನ್ನು ಹಿಡಿಯುವುದಿಲ್ಲ. ಇದಕ್ಕೆ ಬೇರೆಯದೇ ಅಲಾರಂ ಇದೆ. ಒಲೆಯ ಮಾತು ಏನೇ ಇರಲಿ, ಅದನ್ನು ನಾಳೆಯೇ ತನ್ನಿ.

ಸಿದ್ದಾಪುರದ ಅಡಿಕೆ · ಅಕ್ಟೋಬರ್ 19

ತಂಗೀ, ನಮ್ಮ ಬಚ್ಚಲ ಒಲೆಯಲ್ಲಿ ಹೊಗೆ ತಿರುಗಿ ಬಂದರೂ ಯಾರಿಗೂ ಏನೂ ಆಗುತ್ತಿರಲಿಲ್ಲ. ಯಾಕೆ ಹೇಳು? ಮೇಲೆ ಹಂಚಿನ ಮಾಡು, ಗೋಡೆಗೂ ಮಾಡಿಗೂ ನಡುವೆ ಮೊಳದಷ್ಟು ಸಂದು. ಗಾಳಿ ತನ್ನಷ್ಟಕ್ಕೇ ಆಡುತ್ತಿತ್ತು. ಇಲ್ಲಣ ಕಟ್ಟುತ್ತಿತ್ತು, ಕಣ್ಣು ಉರಿಯುತ್ತಿತ್ತು ಅಷ್ಟೇ. ನಿಮ್ಮ ಅಲ್ಲಿಯ ಮನೆಗಳಿಗೆ ಸೂಜಿ ತೂರುವಷ್ಟೂ ಜಾಗ ಇರುವುದಿಲ್ಲ ಅಂತ ಮಗ ಹೇಳುತ್ತಾನೆ. ಹಾಗಿದ್ದಲ್ಲಿ ಇಲ್ಲಿನ ರೂಢಿ ಅಲ್ಲಿಗೆ ಹೊಂದುವುದಿಲ್ಲ. ಚಿಮಣಿಯವರನ್ನು ಕರೆಸು.

ಮ್ಯೂನಿಕ್ ಮಲ್ಲಿಗೆ · ಅಕ್ಟೋಬರ್ 20

ಅಡಿಕೆ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಅದಕ್ಕೆ ಇನ್ನೊಂದು ಸೇರಿಸುತ್ತೇನೆ. ಅವತ್ತು ಅಡುಗೆಮನೆಯ ಎಗ್ಸಾಸ್ಟ್ ಹಾಕಿದ್ದಿರಾ? ಬಿಗಿಯಾದ ಮನೆಯಲ್ಲಿ ಆ ಫ್ಯಾನ್ ಗಾಳಿಯನ್ನು ಎಲ್ಲಿಂದಾದರೂ ಎಳೆಯಲೇಬೇಕು. ಕಿಟಕಿ ಮುಚ್ಚಿದ್ದರೆ ಹೊಗೆಗೂಡಿನಿಂದಲೇ ಎಳೆಯುತ್ತದೆ. ಆಗ ಹೊಗೆ ಮೇಲೆ ಹೋಗುವ ಬದಲು ಕೋಣೆಗೆ ಬರುತ್ತದೆ. ನಮ್ಮ ಮನೆಯಲ್ಲಿ ಕಿಟಕಿ ತೆರೆಯದಿದ್ದರೆ ಎಗ್ಸಾಸ್ಟ್ ಓಡದ ಹಾಗೆ ಒಂದು ಸ್ವಿಚ್ ಹಾಕಿಸಿದ್ದೇವೆ. ನಮ್ಮ ಚಿಮಣಿಯವರೇ ಹಾಕಿಸಲು ಹೇಳಿದ್ದು.

ನಮ್ಮದು ಕಾಖೆಲ್‌ಓಫನ್. ನಿಮ್ಮ ಒಲೆಯ ಜರ್ಮನ್ ಅಕ್ಕ ಅಂದುಕೊಳ್ಳಿ. ಬವೇರಿಯಾದಲ್ಲಿ ಇದನ್ನು ಕಟ್ಟುವವರಿಗೆ ಹಾಫ್ನರ್ ಅನ್ನುತ್ತಾರೆ, ಗುಡಿಸುವವರಿಗೆ ಕಾಮಿನ್‌ಕೇರರ್. ಏಳು ವರ್ಷದಲ್ಲಿ ಎರಡು ಸಲ ಅವರು ಮನೆಗೆ ಬಂದು ಒಲೆ, ಕೊಳವೆ ಎಲ್ಲ ನೋಡುವುದು ಕಾನೂನು. ಗುಡಿಸುವುದು ಬೇರೆ, ಅದಕ್ಕೆ ಪ್ರತಿ ವರ್ಷ ಬರುತ್ತಾರೆ. ಬರುವ ದಿನಾಂಕ ಮೊದಲೇ ಚೀಟಿಯಲ್ಲಿ ತಿಳಿಸುತ್ತಾರೆ. ಮೊದಮೊದಲು ನನಗೆ ಕಿರಿಕಿರಿ ಅನ್ನಿಸುತ್ತಿತ್ತು. ಈಗ ಅವರ ದಾರಿ ಕಾಯುತ್ತೇನೆ.

ಬೆಂಗಳೂರು ಇಟ್ಟಿಗೆ · ಅಕ್ಟೋಬರ್ 21

ಒಲೆಯ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಾದರೆ ಯಾಕೆ ಹೊಗೆ ವಾಪಸ್ ಬಂತು ಎಂಬುದೂ ಅರ್ಥವಾಗುತ್ತದೆ. ನಾನು ಕಟ್ಟಡದ ಕೆಲಸದವನು, ಹಳೇ ಒಲೆಗಳ ಬಗ್ಗೆ ಆಸಕ್ತಿ.

18ನೇ ಶತಮಾನದ ಸ್ವೀಡನ್‌ನಲ್ಲಿ ಸೌದೆಗೆ ಬರ ಬಂದಿತ್ತು. ಗಣಿ, ಕಬ್ಬಿಣದ ಕುಲುಮೆ, ಮನೆ ಒಲೆ ಎಲ್ಲ ಸೇರಿ ಕಾಡನ್ನು ತಿನ್ನುತ್ತಿದ್ದವು. ಆಗಿನ ಒಲೆಗಳಲ್ಲಿ ಬಹುಪಾಲು ಶಾಖ ಸೀದಾ ಆಕಾಶಕ್ಕೆ ಹೋಗುತ್ತಿತ್ತು. ಸೌದೆ ಉಳಿಸುವ ಒಲೆ ಮಾಡಿಕೊಡಿ ಅಂತ ಸರ್ಕಾರ ಕೇಳಿತು. ಕಾರ್ಲ್ ಯೂಹಾನ್ ಕ್ರೂನ್‌ಸ್ಟೆಡ್ಟ್ ಎಂಬ ವಾಸ್ತುಶಿಲ್ಪಿ ಮತ್ತು ಫಾಬಿಯನ್ ವ್ರೇಡೆ ಸೇರಿ 1767ರಲ್ಲಿ ಹೊಸ ವಿನ್ಯಾಸ ಕೊಟ್ಟರು. ಬೆಂಕಿಗೂಡಿನಿಂದ ಮೇಲೆ ಹೋದ ಬಿಸಿ ಹೊಗೆಯನ್ನು ಪಕ್ಕದ ಕೊಳವೆಗಳಲ್ಲಿ ಮತ್ತೆ ಕೆಳಗೆ ಇಳಿಸಿ, ಮತ್ತೆ ಮೇಲಕ್ಕೆ ಹತ್ತಿಸಿ, ಆಮೇಲೆ ಹೊರಗೆ ಬಿಟ್ಟರು. ಅಷ್ಟು ಸುತ್ತುವಷ್ಟರಲ್ಲಿ ಶಾಖವೆಲ್ಲ ಇಟ್ಟಿಗೆಗೆ ಇಳಿಯುತ್ತದೆ. ಒಂದೂವರೆ ಗಂಟೆ ಉರಿದ ಬೆಂಕಿಯ ಬಿಸಿ ಅರ್ಧ ದಿನ, ಒಮ್ಮೊಮ್ಮೆ ಒಂದು ದಿನವೂ ಕೋಣೆಗೆ ಮೆಲ್ಲಗೆ ಬರುತ್ತದೆ.

ತೊಂದರೆ ಇರುವುದೂ ಅಲ್ಲೇ. ಹೊಗೆ ಕೆಳಗೆ ಇಳಿಯಬೇಕಾದರೆ ಹೊಗೆಗೂಡಿನ ಎಳೆತ ಚೆನ್ನಾಗಿರಬೇಕು. ವರ್ಷಗಟ್ಟಲೆ ತಣ್ಣಗಿದ್ದ ಕೊಳವೆಯಲ್ಲಿ ಎಳೆತ ಇರುವುದಿಲ್ಲ. ಮೇಲಾಗಿ ಎಷ್ಟೋ ಹಳೇ ಒಲೆಯ ಒಳಗೆ ಜೇಡಿಮಣ್ಣು ಉದುರಿ ಕೆಳಗಿನ ತಿರುವು ಮುಚ್ಚಿರುತ್ತದೆ.

ನಮ್ಮ ಕಡೆಯದ್ದೂ ಒಂದು ಹೇಳಬೇಕು ಅನ್ನಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು ಕಟ್ಟಿದ ಅಸ್ತ್ರ ಕೇಂದ್ರದಿಂದ ಅಡುಗೆಯ ಅಸ್ತ್ರ ಒಲೆ ಬಂತಲ್ಲ, ಅದರ ಹಿಂದಿನ ಚಿಂತೆಯೂ ಇದೇ. ಕಡಿಮೆ ಸೌದೆ ಸಾಕಾಗಬೇಕು, ಹೊಗೆ ಹೆಣ್ಣುಮಕ್ಕಳ ಎದೆಗೆ ಹೋಗದೆ ಕೊಳವೆಯಲ್ಲಿ ಹೊರಗೆ ಹೋಗಬೇಕು. ಅಲ್ಲಿ ಶಾಖ ಪಾತ್ರೆಗೆ, ಇಲ್ಲಿ ಗೋಡೆಗೆ.

ಉಪ್ಸಾಲ ಶಿರಸಿ · ನವೆಂಬರ್ 6

ಎಲ್ಲರಿಗೂ ಮನಸಾರೆ ಧನ್ಯವಾದ. ಸೂತಾರೆ ಬಂದು ಹೋದರು. ವಿಷಯ ಹೇಳುತ್ತೇನೆ.

ಮಲಗುವ ಕೋಣೆಯ ಒಲೆ ಮುಗಿಯಿತು. ಹಳಬರು ಹೇಳಿದ ಹಾಗೇ ಅದರ ಹೊಗೆಗೂಡು ಈಗ ಗಾಳಿ ಹೊರಹಾಕುವ ಕೊಳವೆಯಾಗಿದೆ. ಅದರ ಬಾಗಿಲಿಗೆ ಉರಿಸಬಾರದು ಅಂತ ಕೆಂಪು ಚೀಟಿ ಅಂಟಿಸಿದ್ದೇವೆ. ಅವತ್ತು ನಾನು ಹಾಲ್‌ನ ಒಲೆ ಬಿಟ್ಟು ಅದನ್ನು ಹಚ್ಚಿದ್ದರೆ ಏನಾಗುತ್ತಿತ್ತೋ, ನೆನೆದರೆ ಕೈ ನಡುಗುತ್ತದೆ. ಅದು ನನ್ನ ಮಗಳ ಕೋಣೆ.

ಹಾಲ್‌ನ ಒಲೆಗೆ ಜೀವ ಇದೆ. ಹೊಗೆಗೂಡು ಅದರದ್ದೇ, ಬೇರೆ ಯಾರದ್ದೂ ಸೇರಿಲ್ಲ. ಮೇಲೆ ಮುಚ್ಚಿ ಹೊಗೆ ತುಂಬಿಸಿ ನೋಡಿದರು. ಬೇರೆ ಮನೆಗಳಿಗೆ ಸೋರಿಕೆ ಇಲ್ಲ. ಆದರೆ ಬೆಂಕಿಗೂಡಿನ ಎರಡು ಇಟ್ಟಿಗೆ ಒಡೆದಿದೆ. ಹಿಂಬದಿಯಲ್ಲಿ ಟೈಲ್ಸ್ ನಡುವಿನ ಸಂದು ಬಿಟ್ಟಿದೆ. ಒಳಗಿನ ತಿರುವಿನಲ್ಲಿ ಮಣ್ಣು ಬಿದ್ದಿದೆ. ಇದೆಲ್ಲ ಸರಿಯಾಗುವ ತನಕ ಉರಿಸಬಾರದು ಅಂತ ಬರೆದು ಕೊಟ್ಟಿದ್ದಾರೆ.

ಟೈಲ್ಸ್ ಮೇಲೆ ಕೂದಲೆಳೆಯ ಹಾಗೆ ತುಂಬಾ ಬಿರುಕುಗಳಿವೆ. ಅದಕ್ಕೂ ಏನಾದರೂ ಮಾಡಬೇಕಾ? ಸಂದಿಗೆ ನಾವೇ ಸಿಮೆಂಟ್ ತುಂಬಬಹುದಾ ಅಂತ ಯಜಮಾನರು ಕೇಳುತ್ತಿದ್ದಾರೆ.

ಬೆಂಗಳೂರು ಇಟ್ಟಿಗೆ · ನವೆಂಬರ್ 6

ಸಿಮೆಂಟ್ ಬೇಡವೇ ಬೇಡ. ಬಿಸಿಯಾದಾಗ ಒಲೆ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಜೇಡಿಮಣ್ಣು ಮರಳು ಕಲಸಿದ ಗಾರೆ ಆ ಅಲುಗಾಟ ತಡೆದುಕೊಳ್ಳುತ್ತದೆ. ಸಿಮೆಂಟ್ ಬಿಗಿಯಾಗಿ ಹಿಡಿದು ಪಕ್ಕದ ಟೈಲ್ಸನ್ನೇ ಒಡೆಯುತ್ತದೆ. ಇನ್ನೊಂದು, ಮಣ್ಣಿನಲ್ಲಿ ಕಟ್ಟಿದ ಒಲೆಯನ್ನು ನೂರು ವರ್ಷದ ಮೇಲೂ ಟೈಲ್ಸ್‌ಗೆ ನಂಬರ್ ಬರೆದು ಬಿಚ್ಚಿ, ಮತ್ತೆ ಹಾಗೇ ಕಟ್ಟಬಹುದು. ಸಿಮೆಂಟ್ ಹಾಕಿದರೆ ಆ ದಾರಿ ಮುಚ್ಚಿತು.

ಮೆರುಗಿನ ಮೇಲಿನ ಕೂದಲು ಬಿರುಕು ಚಿಂತೆ ಇಲ್ಲ. ಹಳೇ ಪಿಂಗಾಣಿ ಬಟ್ಟಲಲ್ಲೂ ಇರುತ್ತದಲ್ಲ, ಹಾಗೆ. ನೋಡಬೇಕಾದ್ದು ಸಂದುಗಳನ್ನು. ರಾತ್ರಿ ಕೋಣೆಯ ದೀಪ ಆರಿಸಿ, ಬೆಂಕಿಗೂಡಿನೊಳಗೆ ಜೋರು ಬೆಳಕಿನ ಟಾರ್ಚ್ ಇಟ್ಟು ಬಾಗಿಲು ಮುಚ್ಚಿ. ಹೊರಗಿನಿಂದ ಸುತ್ತ ನೋಡಿ. ಎಲ್ಲಾದರೂ ಬೆಳಕು ಕಂಡರೆ ಅಲ್ಲಿ ಹೊಗೆಯೂ ಬರುತ್ತದೆ. ಸಂದಿನ ಸುತ್ತ ಕಪ್ಪು ಮಸಿ ಕಂಡರೂ ಅದೇ ಅರ್ಥ. ಬೆಳಕು ಕಾಣಲಿಲ್ಲ ಅಂತ ಸೂತಾರೆ ಬೇಡ ಅಂದುಕೊಳ್ಳಬೇಡಿ, ಒಳಗಿನ ಕೊಳವೆಗಳಿಗೆ ಟಾರ್ಚ್ ಬೆಳಕು ಹೋಗುವುದಿಲ್ಲ.

ಗೋಥೆನ್‌ಬರ್ಗ್ ಹಳಬ · ನವೆಂಬರ್ 7

ಈ ಒಲೆ ಕಟ್ಟುವ ಕಸುಬಿನವರು ಇನ್ನೂ ಇದ್ದಾರೆ, ಅವರಿಂದಲೇ ಮಾಡಿಸಿ. ನಿಮ್ಮೂರು ಇದಕ್ಕೆ ಹೆಸರಾದ ಊರು. 1886ರಲ್ಲಿ ಶುರುವಾದ ಉಪ್ಸಾಲ-ಏಕೆಬಿ ಕಾರ್ಖಾನೆ ಮೊದಲು ಮಾಡುತ್ತಿದ್ದುದು ಈ ಒಲೆಯ ಟೈಲ್ಸನ್ನೇ. ನಿಮ್ಮದೂ ಅಲ್ಲಿಯದ್ದೇ ಇರಬಹುದು, ಕಟ್ಟುವವರು ಬಂದಾಗ ಕೇಳಿ ನೋಡಿ.

ಉಪ್ಸಾಲ ಶಿರಸಿ · ಡಿಸೆಂಬರ್ 3

ರಿಪೇರಿ ಮುಗಿಯಿತು. ಸೂತಾರೆ ಮತ್ತೆ ಬಂದು ನೋಡಿ ಒಪ್ಪಿದರು. ಮಣ್ಣು ಒಣಗಲು ಬಿಟ್ಟಿದ್ದೇವೆ. ಮೊದಲ ವಾರ ದಿನಕ್ಕೊಂದು ಸಣ್ಣ ಬೆಂಕಿ ಮಾತ್ರ ಅಂದಿದ್ದಾರೆ. ಈಗ ಉರಿಸುವುದು ಹೇಗೆ ಅಂತ ಹೇಳಿಕೊಡಿ. ಇಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಗೋಥೆನ್‌ಬರ್ಗ್ ಹಳಬ · ಡಿಸೆಂಬರ್ 3

ಒಲೆ ಒಂದು ಬೇಸಿಗೆ ಖಾಲಿ ಇದ್ದರೂ ಇದೇ ಕ್ರಮ ಅಕ್ಕಾ. ಮೊದಲು ನಾಲ್ಕೈದು ಚಕ್ಕೆಯ ಬೆಂಕಿ. ಇಟ್ಟಿಗೆಯಲ್ಲಿ ಸೇರಿದ ತೇವ ಮೆಲ್ಲಗೆ ಹೋಗಬೇಕು. ಒಮ್ಮೆಲೇ ಜೋರು ಮಾಡಿದರೆ ತೇವ ಆವಿಯಾಗಿ ಸಂದು ಬಿಡುತ್ತದೆ.

ಆಮೇಲೆ ಮುಖ್ಯವಾದ ಮಾತು. ಇದು ದಿನವಿಡೀ ಸೌದೆ ನೂಕುತ್ತಾ ಇರುವ ಒಲೆ ಅಲ್ಲ. ಒಂದು ಸಲ ಹಾಕಿ, ಚೆನ್ನಾಗಿ ಉರಿಸಿ, ನಿಲ್ಲಿಸುವುದು. ಬೇಕಾದರೆ ಬೆಳಿಗ್ಗೆ ಒಂದು, ಸಂಜೆ ಒಂದು. ದಿನಕ್ಕೆ ಎರಡೇ. ಹಚ್ಚಿ ಒಂದು ಗಂಟೆಯಾದರೂ ಟೈಲ್ಸ್ ಇನ್ನೂ ತಣ್ಣಗಿದೆ ಅಂತ ಮತ್ತೆ ಮತ್ತೆ ತುಂಬುವವರೇ ಒಲೆ ಒಡೆಯುವುದು. ಟೈಲ್ಸ್ ಬಿಸಿಯಾಗುವುದು ಬೆಂಕಿ ಆರಿದ ಮೇಲೆ. ಕಾಯಬೇಕು.

ನಾನು ಒಂದು ಸಲಕ್ಕೆ 5 ಕಿಲೋ ಹಾಕುತ್ತೇನೆ. ನಿಮ್ಮದಕ್ಕೆ ಎಷ್ಟು ಅಂತ ಕಟ್ಟಿದವರ ಹತ್ತಿರ ಕೇಳಿ. ತೂಕದ ತಕ್ಕಡಿ ಇಟ್ಟುಕೊಳ್ಳಿ, ಕಣ್ಣಳತೆ ಬೇಡ. ಲೆಕ್ಕ ನೋಡಿ: ಒಣ ಸೌದೆಯ ಒಂದು ಕಿಲೋದಲ್ಲಿ ಸುಮಾರು 4 ಯೂನಿಟ್ ಕರೆಂಟ್‌ನಷ್ಟು ಶಾಖ ಇದೆ. 5 ಕಿಲೋಗೆ 20 ಯೂನಿಟ್. ಅದರಲ್ಲಿ 16 ಒಲೆಯಲ್ಲಿ ಉಳಿದರೆ, 12 ಗಂಟೆ ಕಾಲ ಒಂದು ರೂಮ್ ಹೀಟರ್ ಹಾಕಿಟ್ಟ ಹಾಗಾಯಿತು. ಒಂದು ಹಾಲ್‌ಗೆ ಇನ್ನೇನು ಬೇಕು?

ಮ್ಯೂನಿಕ್ ಮಲ್ಲಿಗೆ · ಡಿಸೆಂಬರ್ 4

ಹಚ್ಚುವ ರೀತಿ ಬಗ್ಗೆ ನಾನು ಹೇಳುತ್ತೇನೆ. ನಮ್ಮೂರಲ್ಲಿ ಕೆಳಗೆ ಚಕ್ಕೆ, ತೆಂಗಿನ ಗರಿ ಇಟ್ಟು ಹಚ್ಚಿ, ಮೇಲೆ ಸೌದೆ ಪೇರಿಸುವುದು ರೂಢಿ. ಇಲ್ಲಿ ತಲೆಕೆಳಗು. ದಪ್ಪ ಸೀಳು ಕೆಳಗೆ, ಸಣ್ಣದು ಅದರ ಮೇಲೆ, ಚಕ್ಕೆ ಎಲ್ಲಕ್ಕಿಂತ ಮೇಲೆ. ಬೆಂಕಿ ಮೇಲಿಂದ ಹಚ್ಚುವುದು. ಮೊದಲ ಸಲ ನನಗೂ ನಂಬಿಕೆ ಬರಲಿಲ್ಲ. ಕೆಳಗಿನ ಸೌದೆ ಕಾದಾಗ ಬರುವ ಹೊಗೆ ಮೇಲಿನ ಉರಿಯಲ್ಲೇ ಸುಟ್ಟುಹೋಗುತ್ತದೆ. ಕೆಳಗಿನಿಂದ ಹಚ್ಚಿದರೆ ಎಲ್ಲ ಸೌದೆಯೂ ಒಟ್ಟಿಗೇ ಹೊಗೆ ಬಿಡುತ್ತದೆ, ಅದು ಸುಡದೆ ಕೊಳವೆಯಲ್ಲಿ ಅಂಟುತ್ತದೆ.

ಸೌದೆ ಒಣಗಿರಬೇಕು. ಜರ್ಮನಿಯಲ್ಲಿ ತೇವಾಂಶ 25 ಶೇಕಡಾಕ್ಕಿಂತ ಜಾಸ್ತಿ ಇರುವ ಸೌದೆ ಸುಡುವ ಹಾಗಿಲ್ಲ, ಅದು ಒಣ ತೂಕದ ಮೇಲಿನ ಲೆಕ್ಕ. ಅಳೆಯುವ ಸಣ್ಣ ಮೀಟರ್ ಸಿಗುತ್ತದೆ. ಹೊರಮೈಗೆ ಚುಚ್ಚಿದರೆ ಸುಳ್ಳು ಹೇಳುತ್ತದೆ. ಸೌದೆಯನ್ನು ಆಗಲೇ ಸೀಳಿ, ಹೊಸ ಮೈಗೆ ಚುಚ್ಚಿ ನೋಡಿ. ನಾನು 18ರ ಕೆಳಗೆ ಬಂದರೆ ಮಾತ್ರ ಒಳಗೆ ತರುತ್ತೇನೆ. ಪೇಂಟ್ ಹಚ್ಚಿದ ಮರ, ಪ್ಲೈವುಡ್, ಹಾಲಿನ ಡಬ್ಬ, ಬಣ್ಣದ ಕಾಗದ, ಇವು ಯಾವುದೂ ಒಲೆಗೆ ಹೋಗಬಾರದು.

ಸಿದ್ದಾಪುರದ ಅಡಿಕೆ · ಡಿಸೆಂಬರ್ 4

ಹಸಿ ಕಟ್ಟಿಗೆ ಗೊತ್ತಾಗಲು ಯಂತ್ರ ಯಾಕೆ. ಎರಡು ಸೀಳು ಒಂದಕ್ಕೊಂದು ಬಡಿದರೆ ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದ್ದು ದೊಪ್ ಅನ್ನುತ್ತದೆ. ಬೇಸಿಗೆಯಲ್ಲೇ ಸೀಳಿ, ಕಟ್ಟಿಗೆ ಕೊಟ್ಟಿಗೆಯಲ್ಲಿ ಒಟ್ಟಿಡುವುದು ನಮ್ಮ ಕ್ರಮ. ಮಳೆಗಾಲಕ್ಕೆ ಒಂದಷ್ಟು ಒಲೆಯ ಮೇಲಿನ ಅಟ್ಟದಲ್ಲಿ. ನೀನೂ ನಾಲ್ಕು ದಿನದ ಕಟ್ಟಿಗೆ ಒಲೆಗೆ ಒರಗಿಸಿಡು, ಬಿಸಿಗೆ ಚೆನ್ನಾಗಿ ಒಣಗುತ್ತದೆ.

ಮ್ಯೂನಿಕ್ ಮಲ್ಲಿಗೆ · ಡಿಸೆಂಬರ್ 4

ಅಣ್ಣಾ, ಬಡಿದು ನೋಡುವ ಮಾತು ಒಪ್ಪಿದೆ, ನನ್ನ ಹಾಫ್ನರ್ ಕೂಡ ಹಾಗೇ ಮಾಡುತ್ತಾರೆ. ಆದರೆ ಒಲೆಗೆ ಒರಗಿಸುವುದು ಬೇಡ, ದಯವಿಟ್ಟು. ಬಾಗಿಲು ತೆರೆದಾಗ ಒಂದು ಕಿಡಿ ಸಾಕು. ಇಲ್ಲಿ ಒಲೆಯ ಮುಂದೆ 50 ಸೆಂಟಿಮೀಟರ್, ಪಕ್ಕಕ್ಕೆ 30 ಸೆಂಟಿಮೀಟರ್ ನೆಲಕ್ಕೆ ಕಲ್ಲು ಅಥವಾ ಲೋಹದ ತಗಡು ಇರಬೇಕು ಅಂತ ನಿಯಮವೇ ಇದೆ. ಮರದ ನೆಲದ ಮೇಲೆ ಕಿಡಿ ಬೀಳಬಾರದು ಅಂತ. ಒದ್ದೆ ಬಟ್ಟೆ, ಕರ್ಟನ್, ಸೋಫಾ ಎಲ್ಲ ದೂರ ಇರಲಿ.

ಸಿದ್ದಾಪುರದ ಅಡಿಕೆ · ಡಿಸೆಂಬರ್ 5

ಸರಿ ತಂಗೀ. ಮರದ ನೆಲದ ಮನೆ ಎಂಬುದು ನನಗೆ ಹೊಳೆದಿರಲಿಲ್ಲ. ನಮ್ಮದು ಮಣ್ಣು ನೆಲ, ಸಗಣಿ ಸಾರಿಸಿದ್ದು.

ಗೋಥೆನ್‌ಬರ್ಗ್ ಹಳಬ · ಡಿಸೆಂಬರ್ 5

ಈಗ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ, ಡ್ಯಾಂಪರ್. ಒಲೆಯ ಮೇಲ್ಭಾಗದಲ್ಲಿ ಹೊಗೆಗೂಡು ಮುಚ್ಚುವ ತಗಡು ಇರುತ್ತದೆ, ಸರಪಳಿ ಅಥವಾ ಹಿಡಿಕೆಯಿಂದ ಎಳೆಯುವುದು. ಹಚ್ಚುವಾಗ ಪೂರ್ತಿ ತೆರೆದಿರಬೇಕು. ಬೆಂಕಿ ಆರಿದ ಮೇಲೆ ಮುಚ್ಚದಿದ್ದರೆ ಕೋಣೆಯ ಗಾಳಿ ಒಲೆಯೊಳಗೆ ನುಗ್ಗಿ, ಬಿಸಿಯನ್ನೆಲ್ಲ ಹೊತ್ತು ಮೇಲೆ ಹೋಗುತ್ತದೆ. ಬೆಳಿಗ್ಗೆ ಮುಟ್ಟಿದರೆ ತಣ್ಣಗೆ. ಹಾಗಂತ ಬೇಗ ಮುಚ್ಚಿದರೆ ಕೆಂಡದ ವಿಷಗಾಳಿ ಮನೆಗೆ.

ನಾನು ಕಲಿತದ್ದು ಹೀಗೆ. ಕೆಂಡದ ಮೇಲೆ ಸಣ್ಣ ನೀಲಿ ನಾಲಿಗೆ ಆಡುತ್ತಿರುತ್ತದೆ. ಅದು ಕಾರ್ಬನ್ ಮಾನಾಕ್ಸೈಡೇ ಸುಡುವುದು. ಅದು ಇರುವ ತನಕ ಡ್ಯಾಂಪರ್ ಹತ್ತಿರ ಕೈ ಹೋಗಬಾರದು. ನೀಲಿ ಹೋಗಿ, ಕೆಂಡ ಮಸುಕಾದ ಮೇಲೆ ಮುಚ್ಚುತ್ತೇನೆ.

ಮ್ಯೂನಿಕ್ ಮಲ್ಲಿಗೆ · ಡಿಸೆಂಬರ್ 5

ಇಲ್ಲಿ ನಾನು ಒಪ್ಪುವುದಿಲ್ಲ ಸರ್. ನೀಲಿ ಕಾಣದ ಮೇಲೂ ಕೆಂಪು ಕೆಂಡ ಇದ್ದರೆ ವಿಷಗಾಳಿ ಬರುತ್ತಲೇ ಇರುತ್ತದೆ. ನನ್ನ ಒಲೆಯಲ್ಲಿ ಹೊಗೆಗೂಡು ಮುಚ್ಚುವ ತಗಡೇ ಇಲ್ಲ. ಬಾಗಿಲು ಬಿಗಿಯಾಗಿ ಕೂರುತ್ತದೆ, ಒಳಗೆ ಬರುವ ಗಾಳಿಯನ್ನು ಮಾತ್ರ ಮುಚ್ಚುತ್ತೇನೆ. ಕೊಳವೆ ಯಾವಾಗಲೂ ತೆರೆದೇ ಇರುತ್ತದೆ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ, ಹಿಂದೆ ಬಾಡಿಗೆಗಿದ್ದ ಮನೆಯಲ್ಲಿ ಡ್ಯಾಂಪರ್ ಇತ್ತು. ಒಂದು ರಾತ್ರಿ ನಿದ್ದೆ ಬರುತ್ತಿತ್ತು. ಬೂದಿ ಮುಚ್ಚಿದ್ದು ನೋಡಿ ಆರಿದೆ ಅಂತ ಮುಚ್ಚಿ ಮಲಗಿದೆ. ಎರಡು ಗಂಟೆಗೆ ಅಲಾರಂ ಕೂಗಿತು. ಬೂದಿಯ ಅಡಿಯಲ್ಲಿ ಮುಷ್ಟಿಯಷ್ಟು ಕೆಂಡ ಉರಿಯುತ್ತಿತ್ತು. ಮಕ್ಕಳನ್ನು ಎತ್ತಿಕೊಂಡು ಹಿಮದಲ್ಲಿ ಬರಿಗಾಲಲ್ಲಿ ನಿಂತೆವು. ಅಲಾರಂ ಇಲ್ಲದಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ.

ನರ್ಸ್ ದಾವಣಗೆರೆ · ಡಿಸೆಂಬರ್ 6

ಮಲ್ಲಿಗೆ, ಓದಿ ಮೈ ಜುಂ ಅಂದಿತು. ಎಲ್ಲರೂ ಚೆನ್ನಾಗಿದ್ದೀರಲ್ಲ, ಅಷ್ಟು ಸಾಕು. ಸ್ವಲ್ಪ ಬಿಸಿ ಹೋದರೆ ಹೋಗಲಿ ಬಿಡಿ. ರೇಡಿಯೇಟರ್ ಇದ್ದೇ ಇದೆಯಲ್ಲ.

ಗೋಥೆನ್‌ಬರ್ಗ್ ಹಳಬ · ಡಿಸೆಂಬರ್ 6

ನೀವು ಹೇಳಿದ್ದು ಒಪ್ಪುತ್ತೇನೆ ಮಲ್ಲಿಗೆ ಅವರೇ. ಬೂದಿ ಕೆದಕಿ ನೋಡುವುದು ನನಗೆ ಅಭ್ಯಾಸವಾಗಿ ಹೋಗಿದೆ, ಅದಕ್ಕೇ ಬರೆಯುವಾಗ ಬಿಟ್ಟೆ. ಅದನ್ನು ಬಿಡಬಾರದಿತ್ತು. ಉಪ್ಸಾಲ ಅಕ್ಕಾ, ನನ್ನ ಮೇಲಿನ ಮಾತನ್ನು ಹೀಗೆ ತಿದ್ದಿಕೊಳ್ಳಿ: ಕೆದಕಿ, ಒಂದು ಕೆಂಪು ಚುಕ್ಕಿಯೂ ಇಲ್ಲ ಅಂತ ನೋಡಿ, ಆಮೇಲೆ ಮುಚ್ಚಿ. ಸಂದೇಹ ಇದ್ದರೆ ತೆರೆದೇ ಬಿಟ್ಟು ಮಲಗಿ. ಮಲಗುವ ಹೊತ್ತಿಗೆ ಹಚ್ಚಲೇಬೇಡಿ. ಆರು ಗಂಟೆಗೆ ಹಚ್ಚಿದರೆ ಮಲಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಮಡಿಕೇರಿ ಮಳೆ · ಡಿಸೆಂಬರ್ 8

ನಮ್ಮ ತೋಟದ ಹಳೇ ಬಂಗಲೆಯಲ್ಲಿ ಫೈರ್‌ಪ್ಲೇಸ್ ಇದೆ, ಟೈಲ್ಸ್‌ದಲ್ಲ, ತೆರೆದದ್ದು. ಹೋಮ್‌ಸ್ಟೇಗೆ ಬಂದವರು ಚಳಿ ಅಂತ ಕಿಟಕಿ ಎಲ್ಲ ಹಾಕಿಕೊಂಡು ಉರಿಸುತ್ತಾರೆ. ಇದನ್ನೆಲ್ಲ ಓದಿ ನಿನ್ನೆಯೇ ಒಂದು ಕಿಟಕಿ ಮುಚ್ಚಲಾಗದ ಹಾಗೆ ಗೂಟ ಹೊಡೆಸಿದೆ. ಅಲಾರಂಗೂ ಹೇಳಿದ್ದೇನೆ. ಒಂದು ಪ್ರಶ್ನೆ. ಚಿಮಣಿಯೊಳಗೇ ಬೆಂಕಿ ಬೀಳುತ್ತದೆ ಅಂತಾರಲ್ಲ, ಅದು ಹೇಗೆ?

ಬೆಂಗಳೂರು ಇಟ್ಟಿಗೆ · ಡಿಸೆಂಬರ್ 8

ಹಸಿ ಸೌದೆ, ಗಾಳಿ ಸಾಲದ ಮಂದ ಉರಿ, ಇವೆರಡರಿಂದ ಕೊಳವೆಯೊಳಗೆ ಡಾಂಬರಿನ ಹಾಗೆ ಹೊಳೆಯುವ ಕಪ್ಪು ಪದರ ಕಟ್ಟುತ್ತದೆ. ಒಂದು ದಿನ ಜೋರಾಗಿ ಉರಿಸಿದಾಗ ಅದಕ್ಕೇ ಬೆಂಕಿ ಹತ್ತುತ್ತದೆ. ರೈಲು ಹೋದ ಹಾಗೆ ಭರ್ರೆಂದು ಸದ್ದು ಬರುತ್ತದೆ, ಮೇಲಿನಿಂದ ಕಿಡಿ ಹಾರುತ್ತದೆ. ಹಾಗಾದರೆ ಒಲೆಯ ಬಾಗಿಲು, ಗಾಳಿ ಬರುವ ಕಿಂಡಿ ಮುಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿ, ಅಗ್ನಿಶಾಮಕದವರನ್ನು ಕರೆಯಿರಿ. ನೀರು ಮಾತ್ರ ಸುರಿಯಬಾರದು. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,700 ಲೀಟರ್ ಆಗುತ್ತದೆ. ಆ ಒತ್ತಡಕ್ಕೆ ಚಿಮಣಿ ಸಿಡಿಯುತ್ತದೆ.

ನಿಮ್ಮ ಬಂಗಲೆಯ ಚಿಮಣಿಯನ್ನು ಕೊನೆಯ ಸಲ ಗುಡಿಸಿದ್ದು ಯಾವಾಗ ಸರ್?

ಮಡಿಕೇರಿ ಮಳೆ · ಡಿಸೆಂಬರ್ 8

ಅಪ್ಪ ಇದ್ದಾಗ. ಈ ವಾರವೇ ಮಾಡಿಸುತ್ತೇನೆ. ಅಲ್ಲಿಯವರೆಗೆ ಹಚ್ಚುವುದಿಲ್ಲ.

ಉಪ್ಸಾಲ ಶಿರಸಿ · ಜನವರಿ 11

ಹೊರಗೆ ಮೈನಸ್ 14. ಹಾಲ್‌ನಲ್ಲಿ ಕೂತು ಬರೆಯುತ್ತಿದ್ದೇನೆ, ಬೆನ್ನಿಗೆ ಟೈಲ್ಸ್ ತಾಗಿಸಿಕೊಂಡು.

ಒಂದು ತಿಂಗಳಿಂದ ಉರಿಸುತ್ತಿದ್ದೇವೆ. ಅತ್ತೆ ಊರಿಂದ ಬಂದಿದ್ದಾರೆ. ಮೊದಲ ದಿನ ಅವರಿಗೆ ಈ ಒಲೆ ಇಷ್ಟವಾಗಲಿಲ್ಲ. ಬೆಂಕಿ ಕಾಣುವುದಿಲ್ಲ, ನೀರು ಕಾಯುವುದಿಲ್ಲ, ಇದೆಂಥ ಒಲೆ ಅಂದರು. ಈಗ ಸಂಜೆ ಆರಾದರೆ ಅವರೇ ತಕ್ಕಡಿ ತರುತ್ತಾರೆ. ಸೌದೆ ತೂಗಿ, ಬಾಗಿಲ ಪಕ್ಕದ ನೋಟ್‌ಬುಕ್‌ನಲ್ಲಿ ಬರೆಯುತ್ತಾರೆ. ಎಷ್ಟು ಕಿಲೋ, ಎಷ್ಟಕ್ಕೆ ಹಚ್ಚಿದ್ದು, ಎಷ್ಟಕ್ಕೆ ಡ್ಯಾಂಪರ್ ಮುಚ್ಚಿದ್ದು. ಕಟ್ಟಿದವರು ನಮ್ಮದಕ್ಕೆ 4 ಕಿಲೋ ಸಾಕು ಅಂದಿದ್ದಾರೆ. ಹಚ್ಚುವಾಗ ಪಕ್ಕದ ಕಿಟಕಿ ಒಂದು ಬೆರಳಷ್ಟು ತೆಗೆಯುತ್ತೇವೆ, ಎಗ್ಸಾಸ್ಟ್ ನಿಲ್ಲಿಸುತ್ತೇವೆ. ಕೆದಕಿ ನೋಡುವ ಕೆಲಸ ಅತ್ತೆಯದ್ದು. ಬೂದಿಯೊಳಗೆ ಅಡಗಿದ ಕೆಂಡ ಅವರ ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಊರಲ್ಲಿ ಅದೇ ಕೆಂಡವನ್ನು ಬೂದಿ ಮುಚ್ಚಿ ಬೆಳಗಿನ ತನಕ ಕಾಪಾಡುತ್ತಿದ್ದರಂತೆ, ಮಾರನೇ ದಿನ ಬೆಂಕಿ ಹೊತ್ತಿಸಲು.

ಬೂದಿಯನ್ನು ಮುಚ್ಚಳ ಇರುವ ತಗಡಿನ ಬಕೆಟ್‌ಗೆ ಹಾಕಿ ಹೊರಗೆ ಕಲ್ಲಿನ ಮೇಲೆ ಇಡುತ್ತೇವೆ. ದಿನಗಟ್ಟಲೆ ಕೆಂಡ ಬದುಕಿರುತ್ತದೆ ಅಂತ ಸೂತಾರೆ ಎಚ್ಚರಿಸಿದ್ದರು. ಕಾಗದದ ಚೀಲ, ವ್ಯಾಕ್ಯೂಮ್ ಎರಡೂ ಬೇಡ ಅಂದರು.

ನರ್ಸ್ ದಾವಣಗೆರೆ · ಜನವರಿ 11

ಓದಿ ತುಂಬಾ ಖುಷಿಯಾಯಿತು. ಅಲಾರಂ ಎಲ್ಲಿಟ್ಟಿದ್ದೀರಿ?

ಉಪ್ಸಾಲ ಶಿರಸಿ · ಜನವರಿ 11

ಎರಡು ತಂದೆವು. ಒಂದು ಹಾಲ್‌ನಲ್ಲಿ, ಒಲೆಯಿಂದ ಸ್ವಲ್ಪ ದೂರ, ಅದರ ಪುಸ್ತಕದಲ್ಲಿ ಹೇಳಿದ ಎತ್ತರದಲ್ಲಿ. ಇನ್ನೊಂದು ಮಗಳ ಕೋಣೆಯಲ್ಲಿ, ಮಲಗಿದರೂ ಕೇಳುವ ಹಾಗೆ. ಪ್ರತಿ ಭಾನುವಾರ ಅವಳೇ ಸ್ಟೂಲ್ ಹತ್ತಿ ಎರಡರ ಬಟನ್ನೂ ಒತ್ತಿ ನೋಡುತ್ತಾಳೆ.